ಕೇಳುತ್ತ ಕುಳಿತಿದ್ದ ಅಕ್ಕೋರು

ನಿನ್ನೆ ಶನಿವಾರ ನಮ್ಮ ಶಾಲೆಯ ಕರಿಹಲಗೆಗೆ ಬಳಿಯಲು ಬಣ್ಣ ಸಾಲಲಿಲ್ಲ. ಸೋಮವಾರ ತಪಾಸಣೆಗೆ ಬರುವವರಿದ್ದಾರೆ. ಪೇಟೆಗೆ ಹೋಗಿ ತರುವಷ್ಟು ಹೊತ್ತಿರಲಿಲ್ಲ. ಬಿಸಿಯೂಟ ಮಾಡುವಾಕೆ ಬೇಲಿಯ ಮೇಲಿನ ತೊಂಡೆ ಎಲೆ ಕಿತ್ತು ತಂದು, ಇದ್ದಿಲಿನ ಜೊತೆ ಅರೆದು, ಅರಿವೆಯಲ್ಲಿ ಅದ್ದಿ ಹಲಗೆಗೆ ತಿಕ್ಕತೊಡಗಿದಳು. ಹಸಿರು ಹಸಿರಾದ ಒಂದು ವಾಸನೆ ಕೋಣೆ ತುಂಬಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ...

ನಾನು ಮೊದಲು ಕೆಲಸಕ್ಕೆ ಸೇರಿದ್ದು ಅಬಲೂರಿನಾಚೆಯ ಒಂದು ಸಣ್ಣ ಊರಿನ ಶಾಲೆಗೆ. ಎರಡೇ ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಚಿಕ್ಕ ಮಕ್ಕಳ ಜೊತೆ ಮುಖ್ಯೋಪಾಧ್ಯಾಯಿನಿ. ಶಿಕ್ಷಕಿಯರನ್ನು ಕರೆಯುವಂತೆ ಊರವರು ಅವರನ್ನು ಅಕ್ಕೋರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಶನಿವಾರ ಶಾಲೆ ಬಿಡುವ ಮುಂಚೆ ಮಕ್ಕಳಿಂದ ತೊಂಡೆ ಎಲೆ ತರಿಸಿ ಅವರು ಹಲಗೆ ತಿಕ್ಕಿಸುತ್ತಿದ್ದರು. ಎಷ್ಟು ತಿಕ್ಕಿದರೂ ಇನ್ನೂ ಕಪ್ಪಾಗಲಿ ಎನ್ನುವರು. ಅದರ ಮೇಲೆ ಬರೆಯುವ ಅಕ್ಷರಗಳು ಅಂಗೈಯಷ್ಟು ದೊಡ್ಡವು. ಅಚ್ಚುಕಟ್ಟಿನ ಹೆಂಗಸು ಎಂದಷ್ಟೇ ನಾನು ತಿಳಿದಿದ್ದೆ.

ಹಳೆಯ ಪುಸ್ತಕಗಳೆಲ್ಲ ಅವರಿಗೆ ಬಾಯಿಪಾಠ. ಯಾವ ಪದ್ಯದ ಪಕ್ಕ ಯಾವ ಚಿತ್ರವಿದೆ ಎಂಬುದನ್ನೂ ಪುಸ್ತಕ ಮುಟ್ಟದೆ ಹೇಳುವರು. ಆಗಿನ ತಪಾಸಣೆಯೂ ಹಾಗೇ ಇತ್ತು. ಸಾಹೇಬರು ಬಂದರೆ ಮಕ್ಕಳೆಲ್ಲ ಎದ್ದು ಒಂದೇ ದನಿಯಲ್ಲಿ ಮಗ್ಗಿ ಹೇಳಬೇಕು, ಒಂದೇ ದನಿಯಲ್ಲಿ ಪದ್ಯ ಹಾಡಬೇಕು. ಆಮೇಲೆ ಚಹಾ, ಸಹಿ.

ನಂತರ ಪುಸ್ತಕ ಬದಲಾಯಿತು. ನಲಿಕಲಿಯ ಕಾರ್ಡುಗಳು ಬಂದವು, ಕೆಲವೇ ವರ್ಷಕ್ಕೆ ಆ ಕಾರ್ಡುಗಳೂ ಬದಲಾದವು. ತಪಾಸಣೆಗೆ ಬರುವವರು ಇನ್ನು ಮೇಲೆ ಒಂದೊಂದೇ ಮಗುವನ್ನು ಕರೆದು ಓದಿಸುತ್ತಾರೆ, ಹಿಂದಿನ ಸಾಲಿನಲ್ಲಿ ಕುಳಿತು ಪಾಠ ನೋಡುತ್ತಾರೆ ಎಂದು ಸುತ್ತೋಲೆ ಬಂತು. ಅದನ್ನು ಅಕ್ಕೋರು ನನ್ನ ಕೈಗೇ ಕೊಟ್ಟರು.

“ನೀನ ಓದು ತಂಗಿ, ನಾ ಕೇಳತೇನಿ.”

ಹೊಸ ಪುಸ್ತಕಗಳ ಗಂಟು ಬಿಚ್ಚಿದ ದಿನ ಅವರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಖ ಓರೆ ಮಾಡಿ, ಬಹಳ ಹೊತ್ತು ನೋಡಿದರು. ಆಮೇಲೆ ಹಾಳೆಯ ಮೇಲೆ ಮೆಲ್ಲಗೆ ಕೈಯಾಡಿಸಿದರು. ಮೂರನೇ ಇಯತ್ತೆಯ ಒಬ್ಬಳನ್ನು ಕರೆದು ಓದು ಎಂದರು. ಅವಳು ತಡವರಿಸಿದಲ್ಲಿ ಸುಮ್ಮನೆ ಕಾದರು. ಇದರರ್ಥ ನಿನಗೇನನಿಸಿತು ಎಂದು ಕೇಳಿದರು. ಅಂದಿನಿಂದ ಅದೇ ಅವರ ಪಾಠವಾಯಿತು. ಸರದಿಯ ಮೇಲೆ ಒಂದೊಂದು ಮಗು ಓದುವುದು, ಅಕ್ಕೋರು ಕಣ್ಣು ಮುಚ್ಚಿ ಕೇಳುವುದು. ಒಮ್ಮೆ ಒಬ್ಬ ತುಂಟ ತನ್ನದೇ ಕಥೆ ಸೇರಿಸಿ ಓದಿದ. ಉಳಿದವರು ಬಿಡುತ್ತಾರೆಯೇ?

“ಅಕ್ಕೋರ, ಇಂವ ಬುಕ್ಕಿನ್ಯಾಗ ಇಲ್ಲದ್ದ ಓದಾಕತ್ತಾನ್ರಿ.”

“ಇಲ್ಲದ್ದೂ ಚಲೋ ಐತಿ. ಈಗ ಇದ್ದದ್ದ ಓದಪಾ” ಎಂದು ನಕ್ಕರು.

ಒಂದು ಸಂಜೆ ಬಸ್ಸಿಗೆ ಕಾಯುವಾಗ ತಾವಾಗಿಯೇ ಹೇಳಿದರು. ಕಣ್ಣಿನ ಒಳಪರದೆ ಸವೆದಿದೆಯಂತೆ, ಆಪರೇಷನ್ ಮಾಡಿದರೂ ಉಪಯೋಗವಿಲ್ಲವೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರಂತೆ. ಎದುರಿಗಿದ್ದವರ ಮುಖದ ನಡುವೆ ಹೊಗೆ ನಿಂತಂತೆ ಕಾಣುತ್ತದೆ ಎಂದರು.

“ಯಾರಿಗೂ ಹೇಳಬ್ಯಾಡ ತಂಗಿ. ಗೊತ್ತಾದ್ರ ಮನಿಗೆ ಕಳಸ್ತಾರ. ಹುಡುಗರ ಸಪ್ಪಳ ಇಲ್ಲದ ಮನಿಯಾಗ ನಾ ಹೆಂಗ ಕುಂದ್ರಲಿ?”

ನಾನು ಹೇಳಲಿಲ್ಲ.

ತಪಾಸಣೆಯ ದಿನ ಬಂದವರು ವಯಸ್ಸಿನಲ್ಲಿ ಚಿಕ್ಕವರು. ಹಿಂದೆ ಕುಳಿತು ಪೂರ್ತಿ ಪಾಠ ನೋಡಿದರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೆದರದೆ ಓದಿದರು, ಕೇಳಿದ್ದಕ್ಕೆ ತಮ್ಮ ಮಾತಿನಲ್ಲೇ ಉತ್ತರ ಕೊಟ್ಟರು. ತಪಾಸಣೆಗೆ ಬಂದವರ ಸಂತೋಷಕ್ಕೆ ಮಿತಿಯಿರಲಿಲ್ಲ. ಮಕ್ಕಳು ಓದಬೇಕು, ಶಿಕ್ಷಕರು ಕೇಳಬೇಕು ಎಂದು ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಅದನ್ನು ಕಣ್ಣಾರೆ ಕಂಡೆ ಎಂದರು. ಹಿರೇಕೆರೂರಿನ ತರಬೇತಿಗೆ ಬಂದು ಉಳಿದ ಶಿಕ್ಷಕರಿಗೂ ತೋರಿಸಿಕೊಡಬೇಕೆಂದು ಹಟ ಹಿಡಿದರು. ಅಕ್ಕೋರು ಎರಡು ಸಲ ಒಲ್ಲೆನೆಂದರು. ಅದು ಸಂಕೋಚವೆಂದೇ ತಪಾಸಣೆಯವರು ತಿಳಿದರು. ಕೊನೆಗೆ ಹೋಗಲೇಬೇಕಾಯಿತು, ನಾನೂ ಜೊತೆಗೆ ಹೋದೆ.

ತರಬೇತಿಯ ಆ ಸಭಾಂಗಣ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ... ತುಂಬ ಶಿಕ್ಷಕರು, ತಿರುಗುವ ಫ್ಯಾನುಗಳು, ಒಂದೂ ಮಗುವಿಲ್ಲ. ಯಾರೋ ಅವರ ಕೈಗೆ ಆಗಷ್ಟೇ ಬಂದ ಹೊಸ ಪುಸ್ತಕ ಕೊಟ್ಟು, ಓದಿ ಶುರು ಮಾಡಿರೆಂದರು. ಅಕ್ಕೋರು ಪುಟ ತೆರೆದರು. ಮುಖ ಓರೆ ಮಾಡಿದರು. ನಾನು ಓದಲೆಂದು ಎದ್ದೆ. ಕುರ್ಚಿಯ ಸಪ್ಪಳ ಕೇಳಿಯೇ ಇರಬೇಕು, ಕೈಯೆತ್ತಿ ನನ್ನನ್ನು ತಡೆದರು.

“ನನಗ ಕಾಣೂದಿಲ್ಲರಿ. ಹುಡುಗರು ಓದತಿದ್ರು, ನಾ ಕಲೀತಿದ್ದೆ. ಅಷ್ಟ ನೋಡ್ರಿ.”

ಪುಸ್ತಕ ಇಡಲು ಅವರು ಎಡಗೈಯಿಂದ ಮೇಜಿನ ಅಂಚು ಹುಡುಕಿದರು. ಅದು ಗೇಣುದ್ದ ಆಚೆಗಿತ್ತು.

ಅವಧಿಗೆ ಮುಂಚೆ ನಿವೃತ್ತಿ ಪಡೆದು ಸವಣೂರಿನಲ್ಲಿದ್ದ ತಂಗಿಯ ಮನೆ ಸೇರಿದರು. ಒಮ್ಮೆ ನೋಡಲು ಹೋಗಿದ್ದೆ. ಮನೆಯ ಹಿಂದೆಯೇ ಒಂದು ಶಾಲೆ. ಮಗ್ಗಿಯ ದನಿ ಕೇಳುವ ಕಡೆಗೆ ಕುರ್ಚಿ ಹಾಕಿಸಿಕೊಂಡಿದ್ದರು. ಏನಾದರೂ ಓದು ಎಂದರು. ಚೀಲದಲ್ಲಿದ್ದ ಮೂರನೇ ತರಗತಿಯ ಪುಸ್ತಕವನ್ನೇ ಓದಿದೆ. ನಡುವೆ ಒಮ್ಮೆ ನಿಲ್ಲಿಸಿ, ಇದರರ್ಥ ನಿನಗೇನನಿಸಿತು ಎಂದು ಕೇಳಿದರು... ನಾನೇನು ಹೇಳಿದೆನೋ ನೆನಪಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ನಿನ್ನೆ ಬಿಸಿಯೂಟದಾಕೆ ಅರಿವೆ ಹಿಂಡಿ ಹಿಂದೆ ಸರಿದು ನಿಂತಳು. ಇನ್ನೊಂದು ಸಲ ತಿಕ್ಕು, ಇನ್ನೂ ಕಪ್ಪಾಗಲಿ ಎಂದೆ. ಅವಳಿಗೆ ನಗು ಬಂತು.

“ಸಾಕಲ್ರಿ ಅಕ್ಕೋರ. ಕಣ್ಣಿಲ್ಲದವರಿಗೂ ಕಾಣತೈತಿ ಈಗ.”

ಆದರೂ ಅರಿವೆಯನ್ನು ಅವಳ ಕೈಯಿಂದ ತೆಗೆದುಕೊಂಡು, ನಾನೇ ಇನ್ನೊಂದು ಸಲ ತಿಕ್ಕಿದೆ.