ಭೋಂಗಾದೊಳಗೆ ಅಜ್ಜನ ಕೆಮ್ಮು

ಬೆಳಗಾವಿಯ ಅನಗೋಳದ ನಮ್ಮ ಓಣಿಯಲ್ಲಿ ನಾನು ಅಣಕಿಸದೆ ಬಿಟ್ಟವರು ಇಬ್ಬರೇ. ಒಬ್ಬರು ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು, ಇನ್ನೊಬ್ಬರು ಮಾತೇ ಆಡುತ್ತಿರಲಿಲ್ಲ. ಉಳಿದವರೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು: ಸಿಟಿ ಬಸ್ಸಿನ ಕಂಡಕ್ಟರು, ರೇಡಿಯೋದಲ್ಲಿ ವಾರ್ತೆ ಓದುವವರು, ಹಾಲು ಹಾಕಲು ಬರುವ ಮಾವಶಿ. ಜೊತೆಗೆ ನಮ್ಮಪ್ಪ. ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯಿಂದ ಬಂದವರೇ ಬಚ್ಚಲ ಮುಂದೆ ನಿಂತು, ಮೂಗಿನೊಳಗಿನ ಕರಿ ಉಸುಕು ಹೋಗಲೆಂದು ಮೂರು ಸಲ ಸೀನುತ್ತಿದ್ದರು. ಆ ಸೀನು ನಾನು ಸೀನಿದರೆ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡುತ್ತಿದ್ದಳು. ಅಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಸೀನಾಕಂತೂ ಬಂತು. ಇನ್ನ ಉಸುಕಷ್ಟ ಬೇಕು. ನಮ್ಮ ಸಾಹೇಬ್ರಿಗಿ ಹೇಳಿ ಇಟ್ಟೇನಿ" ಅನ್ನುತ್ತಿದ್ದರು.

ಬಿ.ಕಾಂ. ಎರಡನೇ ವರ್ಷದಲ್ಲಿ ನಾನು ಡುಮ್ಕಿ ಹೊಡೆದಿದ್ದೆ. ಪ್ರಿನ್ಸಿಪಾಲರ ದನಿ ಕಲಿಯುವುದರಲ್ಲಿ ತೋರಿಸಿದ ಶ್ರದ್ಧೆಯಲ್ಲಿ ಅರ್ಧ ಅಕೌಂಟ್ಸಿನ ಕಡೆ ತೋರಿಸಿದ್ದರೆ ಪಾಸಾಗುತ್ತಿದ್ದೆ. ಹಾಗಾಗಿ ಅಪ್ಪನ ಮಾತನ್ನು ಸುಮ್ಮನೆ ತಮಾಷೆ ಎಂದು ತಳ್ಳಿಹಾಕುವಂತಿರಲಿಲ್ಲ.

ಅಷ್ಟರಲ್ಲಿ ಟೆಂಪೋ ಸಿಕ್ಕಿತು. ಹಿಂದಿನ ಓಣಿಯ ಕಾಕಾ ಒಬ್ಬರು ಹಣೆತುಂಬ ವಿಭೂತಿ ಹಚ್ಚಿಕೊಂಡು, ಮಳೆಗಾಲ ಬಂತೆಂದರೆ ಪ್ಲಾಸ್ಟಿಕ್ ಕೊಪ್ಪೆ ಮಾರಲು ಖಾನಾಪುರದ ಹಳ್ಳಿಗಳಿಗೆ ಹೊರಡುತ್ತಿದ್ದರು. ಭತ್ತದ ನಾಟಿ ಮಾಡುವ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಳ್ಳುವ ನೀಲಿ ಕೊಪ್ಪೆ. ಟೆಂಪೋದ ನೆತ್ತಿಯ ಮೇಲೊಂದು ಭೋಂಗಾ, ಸೀಟಿನ ಕೆಳಗೆ ಬ್ಯಾಟರಿ, ಕೈಯಲ್ಲಿ ಮೈಕು, ಎಲ್ಲವೂ ಇತ್ತು. ಆದರೆ ಕಾಕಾಗೆ ಕೂಗಲು ಬರುತ್ತಿರಲಿಲ್ಲ. "ಕೊಪ್ಪಿ ಬಂದಾವ್ರೀ" ಎಂದು ಮೈಕಿನಲ್ಲಿ ಹೇಳಿದರೂ ಯಾರದೋ ಕಿವಿಯಲ್ಲಿ ಗುಟ್ಟು ಹೇಳಿದಂತೆ ಕೇಳಿಸುತ್ತಿತ್ತು. ಕೂಗಲು ನನ್ನನ್ನು ಕರೆದರು: ಮಧ್ಯಾಹ್ನದ ಊಟ, ಎರಡು ಹೊತ್ತು ಚಹಾ, ಸಂಜೆ ಕೈಗೊಂದಿಷ್ಟು ರೊಕ್ಕ, ಮೇಲೆ ಊರೂರು ತಿರುಗುವ ಸುಖ. ನಾನು ಚಪ್ಪಲಿ ಹುಡುಕದೆ ಹತ್ತಿ ಕೂತೆ.

ಅಪ್ಪ ಬೇಡ ಅನ್ನಲಿಲ್ಲ. "ನಾಟಿ ಮುಗಿಯೂತನಾ ನೋಡತೇನಿ. ಅದರೊಳಗ ಅವರು ನಿನ್ನ ಇಳಿಸಿದ್ರ, ಮರುದಿನಾ ಮುಂಜಾನಿ ನನ್ನ ಸೈಕಲ್ ಹಿಂದ ಕುಂದ್ರಬೇಕು. ಮಾತ ಆಯ್ತಿಲ್ಲ?"

"ಆತ್ರೀ," ಅಂದೆ, ಅವರದೇ ದನಿಯಲ್ಲಿ.

ಕಾಕಾ ಹಾಕಿದ್ದು ಒಂದೇ ಕರಾರು. ಪೀರಣವಾಡಿ ದಾಟುವಾಗ ಸ್ಟೇರಿಂಗಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದರು: "ತಮ್ಮಾ, ಯಾರನ್ನ ಬೇಕಾದ್ರ ಅಣಕಸು. ನನ್ನನ್ನೂ ಅಣಕಸು. ಆದ್ರ ಆ ಊರ ಮಂದೀನ ಆ ಊರಾಗ ಅಣಕಸಬ್ಯಾಡ. ಅಣಕಸಿದ ದಿನಾನ ಇಳಸ್ತೇನಿ."

ಎರಡು ವಾರ ನಾನು ರಾಜನಂತೆ ಇದ್ದೆ. ಕಂಡಕ್ಟರನ ದನಿಯಲ್ಲಿ "ಮುಂದ ಸರೀರಿ, ಕೊಪ್ಪಿ ಬೇಕಾದಾವ್ರು ಮುಂದ ಸರೀರಿ" ಅಂತ ಕೂಗಿದರೆ ಮುದುಕಿಯರು ನಿಜವಾಗಿ ಸರಿಯುತ್ತಿದ್ದರು. ವಾರ್ತೆಯ ದನಿಯಲ್ಲಿ ಮಳೆ ಜಾಸ್ತಿಯಾಗುವ ಸಂಭವವಿದೆ ಅಂದರೆ ಒಂದರ ಬದಲು ಎರಡು ಕೊಪ್ಪೆ ಹೋಗುತ್ತಿದ್ದವು. ಒಂದೊಂದು ಮಾತನ್ನೂ ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳಬೇಕಿತ್ತು. ನಗು ಮಾತ್ರ ಎರಡಕ್ಕೂ ಸೇರಿ ಒಂದೇ ಸಲ ಬರುತ್ತಿತ್ತು.

ಗುಂಜಿ ದಾಟಿದ ಮೇಲೆ ಕಾಡಿನಂಚಿಗೆ ಒಂದು ಊರಿದೆ. ಒಂದು ಸೋಮವಾರ ಸಂಜೆ ಅಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ, ಡಂಗುರ ಸಾರುವ ಅಜ್ಜನೊಬ್ಬ ಹಲಗಿ ಬಾರಿಸುತ್ತ ಬಂದ. ಮರುದಿನ ಊರದೇವಿಯ ವಾರವಂತೆ. ವಾರ ಸಾರಿದರೆ ಆ ದಿನ ಯಾರೂ ಎತ್ತು ಹೂಡುವುದಿಲ್ಲ, ಗದ್ದೆಗೆ ಇಳಿಯುವುದಿಲ್ಲ, ಹಿಟ್ಟಿನ ಗಿರಣಿಯೂ ತಿರುಗುವುದಿಲ್ಲ. ಅಜ್ಜ ಹೇಳಿದ ರೀತಿ ನೋಡಬೇಕಿತ್ತು. ಎರಡು ಮಾತು, ಒಂದು ಕೆಮ್ಮು. ಮತ್ತೆ ಎರಡು ಮಾತು, ಮತ್ತೊಂದು ಕೆಮ್ಮು. "ಕೇಳ್ರಪೋ ಕೇಳ್ರಿ, ಐಕಾ ಹೋ ಐಕಾ," ಖೊಕ್. ಅಂಥ ಕೆಮ್ಮು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಮನೆಗೆ ಬರುವವರೆಗೂ ಟೆಂಪೋದಲ್ಲಿ ಅದನ್ನೇ ಕೆಮ್ಮುತ್ತ ಬಂದೆ. "ಔಷಧ ತಗೋ" ಅಂದರು ಕಾಕಾ. ಅದು ಅಣಕವೆಂದು ಅವರಿಗೆ ತಿಳಿದಿತ್ತೋ ಇಲ್ಲವೋ.

ಗುರುವಾರ ಮತ್ತೆ ಅದೇ ಊರಿಗೆ ಹೋದೆವು. ಒಳ್ಳೆ ಮಳೆ, ಊರೆಲ್ಲ ಗದ್ದೆಯಲ್ಲಿ. ಟೆಂಪೋದ ಹತ್ತಿರ ಒಂದು ನಾಯಿ, ಅದಕ್ಕೂ ಕೊಪ್ಪೆ ಬೇಕಿರಲಿಲ್ಲ. ಕಾಕಾ ಟೈರಿಗೆ ಗಾಳಿ ಕಡಿಮೆಯಾಗಿದೆಯೇ ಎಂದು ನೋಡಲು ಕೆಳಗಿಳಿದರು. ನನ್ನ ಕೈಯಲ್ಲಿ ಮೈಕು ಇತ್ತು, ಗಂಟಲಲ್ಲಿ ಅಜ್ಜ ಇದ್ದ.

"ಕೇಳ್ರಪೋ ಕೇಳ್ರಿ, ಐಕಾ ಹೋ ಐಕಾ," ಖೊಕ್. "ಇವತ್ತ ದೇವಿ ವಾರ ಐತಿ," ಖೊಕ್. "ಎತ್ತ ಹೂಡಬ್ಯಾಡ್ರಿ, ಗದ್ದಿಗಿ ಇಳೀಬ್ಯಾಡ್ರಿ," ಖೊಕ್. ಆಮೇಲೆ ನನ್ನದೇ ದನಿಗೆ ಬಂದು, ನಗುತ್ತ ನಗುತ್ತ, "ಇಳಿಯೂದಾದ್ರ ನಮ್ಮ ಕೊಪ್ಪಿ ಹಾಕ್ಕೊಂಡ ಇಳೀರಿ" ಅಂದೆ. ಚಂದದ ಜಾಹೀರಾತು ಆಯ್ತು ಅಂದುಕೊಂಡೆ.

ಕಾಕಾ ಟೈರಿನ ಹತ್ತಿರದಿಂದ ಎದ್ದು ನಿಂತು ನನ್ನನ್ನು ನೋಡಿದರು. ಅವರ ಕಣ್ಣು ನನ್ನನ್ನು ದಾಟಿ ಗದ್ದೆಯ ಕಡೆ ಹೋಯಿತು. ನಾನೂ ತಿರುಗಿ ನೋಡಿದೆ. ದೂರದಲ್ಲಿ ಒಬ್ಬ ನೊಗ ಬಿಚ್ಚುತ್ತಿದ್ದ. ಅವನನ್ನು ನೋಡಿ ಪಕ್ಕದವನೂ ಬಿಚ್ಚಿದ. ಹೆಂಗಸರು ಸಸಿಯ ಕಟ್ಟುಗಳನ್ನು ಕೆಸರಲ್ಲೇ ಬಿಟ್ಟು ಬದುವಿಗೆ ಹತ್ತಿದರು. ಅಜ್ಜನ ದನಿ ಕಡೆಯ ಗದ್ದೆಯವರೆಗೂ ಹೋಗಿತ್ತು. ನನ್ನ ದನಿಯ ಜಾಹೀರಾತು ನಾಯಿಯವರೆಗೆ ಹೋಗಿತ್ತು.

ಅರ್ಧ ಗಂಟೆಯಲ್ಲಿ ಊರು ಟೆಂಪೋದ ಸುತ್ತ ನಿಂತಿತ್ತು. ಒಬ್ಬ ಹೆಂಗಸು ನನ್ನನ್ನು ಮರಾಠಿಯಲ್ಲಿ ಬೈದು, ಬೆಳಗಾವಿಯವನಿಗೆ ತಿಳಿಯಲಿಲ್ಲವೇನೋ ಎಂದು ಅದನ್ನೇ ಕನ್ನಡದಲ್ಲೂ ಬೈದಳು. ನಾನೂ ಅದೇ ಪದ್ಧತಿಯಲ್ಲೇ ಕೊಪ್ಪೆ ಮಾರುತ್ತಿದ್ದೆನಾದ್ದರಿಂದ ತಕರಾರು ಮಾಡಲಿಲ್ಲ. ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಆದರೆ ಊರ ಪಂಚರಿಗೆ ಬೇರೆ ಪ್ರಶ್ನೆ ಹುಟ್ಟಿತು: ದೇವಿಯ ಹೆಸರು ಹೇಳಿ ವಾರ ಸಾರಿಯಾಗಿದೆ, ಈಗ ಅದು ವಾರ ಹೌದೋ ಅಲ್ಲವೋ?

"ದನಿ ನಮ್ಮ ಅಜ್ಜಂದು," ಅಂದ ಒಬ್ಬ.

"ಬಾಯಿ ಇವಂದು," ಅಂದ ಇನ್ನೊಬ್ಬ.

"ದೇವಿಗಿ ಯಾವುದು ಕೇಳಿಸಿರತದ?"

ಕಡೆಗೆ ಅಜ್ಜನನ್ನೇ ಕರೆಸಿದರು. ಕಂಬಳಿ ಹೊದ್ದು, ನೆಗಡಿಯಾದ ಮೂಗು ಒರೆಸಿಕೊಳ್ಳುತ್ತ ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನ್ಯಾಗ ಮಲಗಿದ್ದೆ. ನನ್ನ ದನಿ ಕೇಳಿ ಎದ್ದು ಕುಂತೆ. ಮುದುಕಿ, 'ನೀ ಇಲ್ಲಿದ್ದೀ, ಅಲ್ಲಿ ಯಾರು' ಅಂತ ಅಂಜಿ ನನ್ನ ಹಣಿಗಿ ದೇವರ ಅಂಗಾರ ಹಚ್ಚಿದಳು" ಅಂದ. ಯಾರೋ ಕಿಸಕ್ಕೆಂದರು. ಅಜ್ಜ ನಗಲಿಲ್ಲ. "ಕೆಮ್ಮು ಬರೋಬ್ಬರಿ ಬಂದೈತಿ. ಆದ್ರ ತಮ್ಮಾ, ನಾ ಸುಳ್ಳ ಯಾವತ್ತೂ ಸಾರಿಲ್ಲ. ಅದಕ್ಕ ಸುಗ್ಗ್ಯಾಗ ಮನಿಮನಿಗಿ ಹೋದ್ರ ಭತ್ತ ಹಾಕತಾರ. ಇನ್ನ ಮ್ಯಾಲೆ ನಾ ಸಾರಿದಾಗ ಮಂದಿ ಹೊರಗ ಬಂದು, ಟೆಂಪೋ ಐತೇನು ಅಂತ ನೋಡಬೇಕಲ್ಲ."

ನಾನು ಮೈಕನ್ನು ಸೀಟಿನ ಕೆಳಗೆ ತಳ್ಳಿದೆ.

ತೀರ್ಪು ಆಯಿತು. ಸಾರಿದವನೇ ವಾರ ಇಳಿಸಬೇಕು, ಎಂದರೆ ವಾರ ಇಲ್ಲವೆಂದು ಸಾರಬೇಕು. ಭೋಂಗಾ ಇಲ್ಲದೆ, ಅಜ್ಜನ ಹಿಂದೆ ನಡೆದು, ಗದ್ದೆಗದ್ದೆಗೆ ಹೋಗಿ, ತನ್ನ ಸ್ವಂತ ದನಿಯಲ್ಲಿ.

ಸ್ವಂತ ದನಿ ಯಾವುದೆಂದು ಹುಡುಕುವುದೇ ಮೊದಲ ಕಷ್ಟ. ಮೊದಲ ಬದುವಿನಲ್ಲಿ ನಿಂತು, "ಇವತ್ತ ವಾರ ಇಲ್ಲರೀ, ನಾ ಸುಳ್ಳ ಹೇಳಿದ್ದೆ" ಅಂದೆ. ಎದುರಿಗಿದ್ದ ಎತ್ತು ಕೂಡ ತಲೆ ಎತ್ತಲಿಲ್ಲ.

"ನಗಕೋತ ಹೇಳತಿ," ಅಂದ ಅಜ್ಜ. "ನಗಿ ಬಂದ್ರ ಉಸಿರು ಒಳಗ ಉಳೀತದ. ಮೊದಲ ಹೇಳು. ಆಮ್ಯಾಲೆ ನಗು."

ನನಗೆ ನಗು ಬರುತ್ತಿರಲಿಲ್ಲ, ನಾಚಿಕೆ ಬರುತ್ತಿತ್ತು. ಆದರೆ ನನ್ನ ಬಾಯಿಗೆ ನಾಚಿಕೆಯಾದರೂ ನಗುವುದೇ ರೂಢಿ. ಅಜ್ಜ ಹಲಗಿ ಬಾರಿಸಿದ, ನಾನು ಕೂಗಿದೆ. ಕಾಲು ಜಾರಿ ಎರಡು ಸಲ ಕೆಸರಿಗೆ ಬಿದ್ದೆ; ಆ ಎರಡೂ ಗದ್ದೆಯವರು ನನ್ನ ಮಾತನ್ನು ಬೇಗ ನಂಬಿದರು. ಎಷ್ಟನೆಯದೋ ಗದ್ದೆಯಲ್ಲಿ, ಬಹಳ ದೂರ, ಒಬ್ಬ ಕೈ ಎತ್ತಿ ಕೇಳಿಸಿತು ಎಂದು ತೋರಿಸಿ ಎತ್ತುಗಳನ್ನು ಹಿಡಿದು ತಂದ. ಆಗ ನಾನು ಅಜ್ಜನ ಮುಖ ನೋಡಿದೆ. ಅವನು ಕೆಮ್ಮಿದ, ಅಷ್ಟೇ.

ಊರು ಬಿಡುವಾಗ ಕಾಕಾ ಅಜ್ಜನಿಗೊಂದು ಕೊಪ್ಪೆ ಕೊಟ್ಟರು. ದಿನಾ ಅನಗೋಳದಲ್ಲಿ ನನ್ನನ್ನು ಇಳಿಸುವಾಗ "ನಾಳೆ ಆರಕ್ಕ" ಅನ್ನುತ್ತಿದ್ದರು. ಅವತ್ತು ದೀಪ ಹಚ್ಚುವ ಹೊತ್ತಿಗೆ ಇಳಿಸಿ, ಗೇರು ಹಾಕಿ ಹೋದರು.

ಮನೆಯಲ್ಲಿ ಹೇಳಲು ಹೋದರೆ ದನಿಯೇ ಹೊರಡಲಿಲ್ಲ. ಕೂಗಿ ಕೂಗಿ ಗಂಟಲು ಪೂರ್ತಿ ಕೂತಿತ್ತು. ಕೈಸನ್ನೆಯಲ್ಲಿ ನಡೆದದ್ದನ್ನೆಲ್ಲ ಆಡಿ ತೋರಿಸಿದೆ. ಎತ್ತಿನ ಪಾತ್ರಕ್ಕೆ ಅವ್ವ ನಕ್ಕಳು. ಅಪ್ಪ ಕೊನೆಯವರೆಗೂ ನೋಡಿ, "ಫೌಂಡ್ರ್ಯಾಗ ದನಿ ಬೇಕಾಗೂದಿಲ್ಲ. ಆ ಸಪ್ಪಳದಾಗ ಯಾರದೂ ಕೇಳೂದಿಲ್ಲ" ಅಂದು ಮಲಗಿದರು.

ಬೆಳಿಗ್ಗೆ ಅವ್ವ ಎರಡು ಡಬ್ಬಿ ಕಟ್ಟಿದಳು. ಅಪ್ಪ ಸೈಕಲ್ಲಿನ ಕ್ಯಾರಿಯರ್ ಒರೆಸಿದರು. ನಾನು ಅವರ ಹಳೆ ಖಾಕಿ ಪ್ಯಾಂಟಿನಲ್ಲಿ ಹಗ್ಗ ಕಟ್ಟಿಕೊಂಡು ನಿಂತಿದ್ದೆ. ಓಣಿಯ ತುದಿಯಲ್ಲಿ ಟೆಂಪೋದ ಹಾರ್ನು ಕೇಳಿಸಿತು.

ಅಪ್ಪ ನನ್ನತ್ತ ನೋಡಿ, ಒಂದು ಡಬ್ಬಿ ನನ್ನ ಕೈಗೆ ಕೊಟ್ಟು, "ನಾಟಿ ಇನ್ನ ಮುಗಿದಿಲ್ಲ" ಅಂದರು.

ಟೆಂಪೋ ಹತ್ತಿ ಕಾಕಾಗೆ ಗಂಟಲು ತೋರಿಸಿದೆ. ಅವರು ತಲೆ ಆಡಿಸಿದರು. ಖಾನಾಪುರದ ಆಚೆ ಮೊದಲ ಊರಿನಲ್ಲಿ ಗಾಡಿ ನಿಲ್ಲಿಸಿ ಮೈಕು ತಾವೇ ಹಿಡಿದರು. ಕುತ್ತಿಗೆ ತುರಿಸಿಕೊಂಡರು. ಮೈಕಿಗೆ ಎರಡು ಸಲ ಉಫ್ ಎಂದು ಊದಿದರು. ಆಮೇಲೆ, ಇನ್ನೂ ಒಂದು ಮಾತೂ ಆಡುವ ಮೊದಲೇ, ತಮ್ಮ ಮಾತಿಗೆ ತಾವೇ ಹಿಹಿಹಿ ಎಂದು ನಗಲು ಶುರು ಮಾಡಿದರು. ಯಾರ ನಗುವಪ್ಪ ಇದು, ಎಷ್ಟು ಹಗುರ ಮನುಷ್ಯ ಇವನು ಎಂದು ಒಂದು ಕ್ಷಣ ಅಂದುಕೊಂಡೆ.

ಆಮೇಲೆ ಗುರುತು ಸಿಕ್ಕಿತು: ಅದು ನನ್ನದೇ ನಗು. ಅವರು ಮೈಕಿನ ಮೇಲೆ ಕೈ ಮುಚ್ಚಿ, "ನೀ ಈ ಊರಾಂವ ಅಲ್ಲಲ್ಲ, ಅದಕ್ಕ ನಡೀತದ" ಅಂದರು.