ಗಾಡಿ ಯಾರ ಹೆಸರಿಗೆ?

ಹಾವೇರಿ ಕೋರ್ಟಿನ ಕಾರಿಡಾರಿನಲ್ಲಿ ನಿಂತಿದ್ದೆ. ಇನ್ನೇನು ನನ್ನ ಕೇಸು ಕೂಗಬೇಕು, ಅಷ್ಟರಲ್ಲಿ ಫೋನು ನಡುಗಿತು. ಬ್ಯಾಡಗಿಯಿಂದ ಬಸಣ್ಣ ಭಾವ, ನನ್ನ ಅಕ್ಕನ ಗಂಡ.

"ಪ್ರಕಾಶಾ, ಅರ್ಜೆಂಟ್ ಒಂದ್ ಮಾತು. ಕೊರಿಯಾ ಚೀನಾದಾಗ ಬರ್ತೈತೇನಪಾ?"

"ಇಲ್ರಿ ಭಾವಾ. ಅದು ಬ್ಯಾರೆ ದೇಶ."

"ಖರೇ?"

"ಖರೇ ರೀ."

"ಹಂಗಾದ್ರ ಕೊರಿಯಾ ಗಾಡಿ ತಗೊಂಡ್ರ ದೇಶದ್ರೋಹ ಏನೂ ಆಗೂದಿಲ್ಲಲ್ಲ?"

ಒಳಗಿನಿಂದ ನನ್ನ ಕಕ್ಷಿದಾರನ ಹೆಸರು ಕೂಗಿದರು. ದೇಶದ್ರೋಹದ ವಿಚಾರಣೆಯನ್ನು ಮಧ್ಯಾಹ್ನಕ್ಕೆ ಮುಂದೂಡಿ ಒಳಗೆ ಓಡಿದೆ.

ಬಸಣ್ಣ ಭಾವ ಮೆಣಸಿನಕಾಯಿ ವ್ಯಾಪಾರಿ. ಮಾರ್ಕೆಟ್ ಯಾರ್ಡಿನಲ್ಲಿ ಟೆಂಡರ್ ನಡೆಯುವ ಹೊತ್ತಿನಲ್ಲಿ ಅವರು ಹೆತ್ತ ತಾಯಿಯ ಫೋನನ್ನೂ ಎತ್ತುತ್ತಿರಲಿಲ್ಲ. ಅಂಥವರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಕೊರಿಯಾದ ಭೂಗೋಳ ಯಾಕೆ ಬೇಕಾಯಿತು? ಯಾಕೆಂದರೆ ಮಗಳ ಮದುವೆಯ ಮಾತು ನಡೆದಿತ್ತು.

ಮಗಳು ಅಕ್ಷತಾ. ಅಕ್ಕನಿಗೆ ಇರುವವಳು ಅವಳೊಬ್ಬಳೇ. ಎಂ.ಎಸ್ಸಿ. ಮುಗಿಸಿ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಮೆಣಸಿನಕಾಯಿಯ ಬಣ್ಣ ಎಷ್ಟು, ಖಾರ ಎಷ್ಟು ಎಂದು ಅಳೆಯುವುದು ಅವಳ ಕೆಲಸ. (ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದು ಬ್ಯಾಡಗಿ ಮೆಣಸಿನಕಾಯಿಯ ಗುಣ. ಅಕ್ಷತಾಳ ಗುಣ ಬೇರೆ ಎಂದು ನಮಗೆ ತಡವಾಗಿ ಗೊತ್ತಾಯಿತು.)

ಹುಡುಗ ರಾಣೆಬೆನ್ನೂರಿನವನು, ಹೆಸರು ಕಿರಣ. ಮನೆತನದ ಬೀಜದ ಅಂಗಡಿ ಇದೆ. ನೋಡಲು ಚೆಂದ, ಮಾತು ಕಡಿಮೆ. ಮಗನಿಗೆ ಕಡಿಮೆಯಾದ ಮಾತನ್ನೆಲ್ಲ ತಂದೆ ಮಲ್ಲೇಶಪ್ಪನವರು ತುಂಬಿಕೊಡುತ್ತಿದ್ದರು. ಹುಡುಗ ಹುಡುಗಿ ಎರಡು ಸಲ ಭೇಟಿಯಾಗಿ ಒಪ್ಪಿದ್ದರು. ಮುಂದಿನ ಮಾತುಕತೆಗೆ ನಾವೆಲ್ಲ ರಾಣೆಬೆನ್ನೂರಿಗೆ ಹೋದೆವು. ಉಪ್ಪಿಟ್ಟು, ಚಹಾ ಮುಗಿದ ಮೇಲೆ ಮಲ್ಲೇಶಪ್ಪನವರು ಬಾಯಿ ಒರೆಸಿಕೊಂಡು ಹೇಳಿದರು:

"ನಾವು ಏನೂ ಕೇಳೂ ಮಂದಿ ಅಲ್ರಿ. ನಿಮ್ಮ ಮಗಳಿಗೆ ನೀವೊಂದು ಗಾಡಿ ಕೊಡ್ತೀರಿ, ಅದು ನಿಮ್ಮ ಖುಷಿ. ಆದ್ರ ಫಾರಿನ್ ಕಂಪನಿದು ಇದ್ರ ಚಲೋ. ನಮ್ಮ ಹುಡುಗಗ ಅದ ಸೇರತೈತಿ."

ನಾನು ತಟ್ಟನೆ ನೆಟ್ಟಗೆ ಕೂತೆ. "ಫಾರಿನ್ ಯಾಕ್ರಿ ಮಲ್ಲೇಶಪ್ಪನವರ? ನಮ್ಮ ದೇಶದ ಗಾಡಿಗೆ ಏನಾಗೇತಿ?"

ಹೀಗೆ ಯುದ್ಧ ಶುರುವಾಯಿತು. ಶುರು ಮಾಡಿದವನು ನಾನೇ. ಅವತ್ತು ಅದರ ಬಗ್ಗೆ ಹೆಮ್ಮೆಯೂ ಇತ್ತು.

ಎರಡು ತಿಂಗಳು, ಓದುಗರೇ. ಎರಡು ತಿಂಗಳು ನನ್ನ ಫೋನಿನಲ್ಲಿ ಬರೀ ಕಾರುಗಳು. ರಾಣೆಬೆನ್ನೂರಿನಿಂದ ಫಾರಿನ್ ಗಾಡಿಯ ವಿಡಿಯೋ ಬಂದರೆ ಇಲ್ಲಿಂದ ನಾನು ಸ್ವದೇಶಿ ಗಾಡಿಯ ವಿಡಿಯೋ ಕಳಿಸುತ್ತಿದ್ದೆ. ಅವರು ಸನ್‌ರೂಫ್ ತೋರಿಸಿದರೆ ನಾನು ತಗಡಿನ ದಪ್ಪ ತೋರಿಸುತ್ತಿದ್ದೆ. ಬಸಣ್ಣ ಭಾವ ಬೆಳಿಗ್ಗೆ ಸ್ವದೇಶಿ, ಸಂಜೆ ಫಾರಿನ್. ಯಾವ ಗಾಡಿಯಾದರೂ ಸರಿ, ಮೊದಲ ಪೂಜೆ ಗಳಗನಾಥದ ಗುಡಿಯಲ್ಲೇ ಆಗಬೇಕು ಅನ್ನುವುದೊಂದೇ ಅವರ ಸ್ಥಿರ ನಿಲುವು.

ನಮ್ಮ ಊರುಗಳಲ್ಲಿ ಕಾರಿನ ಬಗ್ಗೆ ಅಭಿಪ್ರಾಯ ಹೊಂದಲು ಕಾರು ಇರಬೇಕಾಗಿಲ್ಲ, ಗಮನಿಸಿದ್ದೀರಾ? ಹಲ್ಲು ತೋರಿಸಲು ಹೋದರೆ ಡಾಕ್ಟರು ನನ್ನ ಬಾಯಿಯಲ್ಲಿ ಇಕ್ಕಳ ಇಟ್ಟುಕೊಂಡೇ ಸ್ವದೇಶಿ ಗಾಡಿಗಳ ಸರ್ವಿಸ್ ಎಷ್ಟು ಕೆಟ್ಟದ್ದು ಎಂದು ವಿವರಿಸಿದರು. ಎದುರು ವಾದ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ವಕೀಲರ ಕೋಣೆಯಲ್ಲಿ ಎರಡು ಪಂಗಡಗಳಾದವು. ಸ್ವದೇಶಿ ಪಂಗಡದವರು ತಮ್ಮ ದೇಶಪ್ರೇಮವನ್ನೆಲ್ಲ ಫಾರಿನ್ ಫೋನಿನಲ್ಲಿ ಟೈಪ್ ಮಾಡುತ್ತಿದ್ದರು. ಫಾರಿನ್ ಪಂಗಡದವರಿಗೆ ಇಲ್ಲಿ ತಯಾರಾಗುವ ಯಾವುದರ ಮೇಲೂ ನಂಬಿಕೆ ಇರಲಿಲ್ಲ, ಚಹಾ ಒಂದನ್ನು ಬಿಟ್ಟು.

ನನ್ನದೇನು ಕಡಿಮೆಯೇ? ನನ್ನ ಮನೆಯ ಮುಂದೆ ನಿಂತಿರುವುದು ಹನ್ನೆರಡು ವರ್ಷದ ಹಳೆಯ ಕಾರು, ಅಪ್ಪಟ ಫಾರಿನ್ ಕಂಪನಿಯದು. "ಮೊದ್ಲ ನಿಮ್ಮ ಗಾಡಿ ಮಾರ್ರಿ, ಆಮ್ಯಾಲ ಭಾಷಣ ಮಾಡ್ರಿ," ಅಂದಳು ಹೆಂಡತಿ. ನಾನು ಆ ಮಾತನ್ನು ದಾಖಲೆಗೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಒಬ್ಬ ತಜ್ಞನ ಸಾಕ್ಷಿ ಬೇಕೆನಿಸಿ ದಾದಾಪೀರನ ಗ್ಯಾರೇಜಿಗೆ ಹೋದೆ. ನನ್ನ ಗಾಡಿಯನ್ನು ಹನ್ನೆರಡು ವರ್ಷ ಬದುಕಿಸಿಟ್ಟಿರುವವನು ಅವನೇ. ಸ್ವದೇಶಿ ಚಲೋನೋ ಫಾರಿನ್ ಚಲೋನೋ, ಒಂದೇ ಮಾತಿನಲ್ಲಿ ಹೇಳು ಎಂದೆ. ಅವನು ರಿಪೇರಿಗೆ ಬಂದಿದ್ದ ಒಂದು ಸ್ವದೇಶಿ ಗಾಡಿಯ ಬಾನೆಟ್ ಎತ್ತಿದ.

"ಸಾಹೇಬ್ರ, ಇದರಾಗ ಈ ಪಾರ್ಟ್ ಜರ್ಮನಿ ಕಂಪನಿದು, ಇದು ಜಪಾನಿಂದು. ಅಲ್ನೋಡ್ರಿ, ನಿಮ್ಮ ಫಾರಿನ್ ಗಾಡಿ. ಅದು ಹುಟ್ಟಿದ್ದು ಇಲ್ಲೇ ಬಾಜೂ ರಾಜ್ಯದಾಗ. ನಟ್ ಬಿಚ್ಚೂ ಮುಂದ ನನ್ನ ಪಾನಾಕ್ಕ ಯಾವ ದೇಶಾನೂ ಗೊತ್ತಾಗೂದಿಲ್ರಿ."

"ಹಂಗಾದ್ರ ಯಾವ್ದು ತಗೋಬೇಕೋ ಮಾರಾಯಾ?"

"ಓಡಸಾವ್ರು ಯಾರು?"

ನಾನು ಮತ್ತೊಮ್ಮೆ ಬಾನೆಟ್ಟಿನೊಳಗೆ ಇಣುಕಿದೆ. ಅವನು ಕೈ ಒರೆಸಿಕೊಳ್ಳುತ್ತ ಹೇಳಿದ: "ಓಡಸಾವ್ರನ್ನ ಕರಕೊಂಡ್ ಬರ್ರಿ. ಕಾಲು ಕ್ಲಚ್ಚಿಗೆ ಸರಿಯಾಗಿ ಎಟಕತೈತೋ ಇಲ್ಲೋ ನೋಡೂಣು. ಉಳಿದದ್ದೆಲ್ಲ ಬರೇ ಮಾತು."

ಇವನೇನು ಕ್ಲಚ್ಚಿನ ಮಾತಾಡುತ್ತಾನೆ, ನಾನು ದೇಶದ ಮಾತಾಡುತ್ತಿದ್ದೇನೆ ಎಂದು ಬೇಸರಪಟ್ಟುಕೊಂಡು ವಾಪಸ್ ಬಂದೆ.

ಕೊನೆಗೆ ಫಾರಿನ್ ಗೆದ್ದಿತು. ಭಾವ ಸೋತು ಸುಸ್ತಾಗಿದ್ದರು. "ಹುಡುಗನ ಮನಸ್ಸು ಸಣ್ಣದು ಮಾಡೂದು ಬ್ಯಾಡ ಬಿಡಪಾ," ಅಂದರು. ಕಳೆದ ಭಾನುವಾರ ಎಲ್ಲರೂ ಹಾವೇರಿಯ ಹೈವೇ ಪಕ್ಕದ ಒಂದು ಶೋರೂಮಿನಲ್ಲಿ ಸೇರಿದೆವು. ರಾಣೆಬೆನ್ನೂರಿನಿಂದ ಮಲ್ಲೇಶಪ್ಪನವರು ಮತ್ತು ಕಿರಣ. ಬ್ಯಾಡಗಿಯಿಂದ ಭಾವ, ಅಕ್ಕ, ಅಕ್ಷತಾ. ಸೋತ ಪಕ್ಷದ ವಕೀಲನಾಗಿ ನಾನು.

ಸೇಲ್ಸಿನ ಹುಡುಗಿ ಟೆಸ್ಟ್ ಡ್ರೈವ್‌ಗೆ ಕೀ ತಂದಳು. ಮೊದಲು ಕಿರಣ ಓಡಿಸಿದ, ಪಕ್ಕದಲ್ಲಿ ಅವನ ತಂದೆ. ಆಮೇಲೆ ನಾನು ಮೂತಿ ಉಬ್ಬಿಸಿಕೊಂಡೇ ಒಂದು ರೌಂಡ್ ಹೊಡೆದೆ. (ಗಾಡಿ ಚೆನ್ನಾಗಿತ್ತು. ಯಾರಿಗೂ ಹೇಳಲಿಲ್ಲ.) ಬಸಣ್ಣ ಭಾವನಿಗೆ ಡ್ರೈವಿಂಗೇ ಬರುವುದಿಲ್ಲ. ಅವರು ಕೂಡ ನಿಂತ ಗಾಡಿಯಲ್ಲಿ ಸ್ಟೇರಿಂಗ್ ಹಿಡಿದು ಕೂತು ಫೋಟೋ ತೆಗೆಸಿಕೊಂಡರು.

ಅಕ್ಷತಾ ಗಾಜಿನ ಗೋಡೆಯ ಹತ್ತಿರ ಅಕ್ಕನ ಬ್ಯಾಗು ಹಿಡಿದು ನಿಂತಿದ್ದಳು. ಭಾವನ ಹಳೆಯ ಕಾರನ್ನು ಆರು ವರ್ಷದಿಂದ ಓಡಿಸುತ್ತಿರುವವಳು ಅವಳು. ಯಾರ್ಡಿಗೆ ಅಪ್ಪನನ್ನು ಬಿಡುವುದು, ಹಾವೇರಿಯ ಆಸ್ಪತ್ರೆಗೆ ಅಮ್ಮನನ್ನು ಕರೆತರುವುದು ಎಲ್ಲ ಅವಳೇ. ಅಲ್ಲಿದ್ದವರಲ್ಲಿ ದಿನಾ ಸ್ಟೇರಿಂಗ್ ಹಿಡಿಯುವವಳು ಅವಳು. ಅವಳಿಗೆ ಕೀ ಕೊಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಬುಕಿಂಗ್ ಫಾರ್ಮ್ ಬಂತು. ಸೇಲ್ಸಿನ ಹುಡುಗಿ ಪೆನ್ನು ತೆಗೆದು ಕೇಳಿದಳು. "ಸರ್, ರಿಜಿಸ್ಟ್ರೇಷನ್ ಯಾರ ಹೆಸರಿಗೆ?"

"ಕಿರಣನ ಹೆಸರಿಗೆ ಬರೀಯವ್ವಾ," ಅಂದರು ಮಲ್ಲೇಶಪ್ಪನವರು.

"ಯಾಕ್ರಿ?"

ಎಲ್ಲರೂ ತಿರುಗಿದೆವು. ಅಕ್ಷತಾ ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಟೇಬಲ್ಲಿನ ಹತ್ತಿರ ಬಂದಿದ್ದಳು.

"ಅಪ್ಪ ನನಗ ಕೊಡೂ ಗಾಡಿ ಅಂತ ನೀವ ಅಂದಿದ್ರೆಲ್ರಿ. ಹಂಗಾದ್ರ ನನ್ನ ಹೆಸರಿಗೆ ಬರೀಬೇಕಲ್ಲ?"

ಮಲ್ಲೇಶಪ್ಪನವರು ನಕ್ಕರು. "ಗಂಡ ಹೆಂಡತಿ ಅಂದಮ್ಯಾಲ ನಿಂದು ನಂದು ಅನ್ನೂದು ಏನೈತವ್ವಾ?"

"ಏನೂ ಇಲ್ಲಂದ್ರ ನನ್ನ ಹೆಸರಿಗೇ ಇರ್ಲಿ ಬಿಡ್ರಿ."

ಮಲ್ಲೇಶಪ್ಪನವರ ನಗು ಅರ್ಧಕ್ಕೆ ನಿಂತಿತು. ಅಕ್ಕ ಮಗಳ ಸೆರಗು ಜಗ್ಗಿದಳು. ಅಕ್ಷತಾ ಕಿರಣನ ಕಡೆ ತಿರುಗಿದಳು. ದನಿ ಏರಲಿಲ್ಲ.

"ನೀವು ಹೇಳ್ರಿ. ಯಾರ ಹೆಸರಿಗೆ?"

ಕಿರಣ ಅವಳನ್ನು ನೋಡಿದ. ಆಮೇಲೆ ತಂದೆಯನ್ನು ನೋಡಿದ. ಆ ಹುಡುಗ ಕೆಟ್ಟವನಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವನ ಕಿವಿಗಳು ಕೆಂಪಾಗಿದ್ದವು. ಆದರೆ ಬಾಯಿಂದ ಬಂದದ್ದು ಇಷ್ಟೇ: "ಅಪ್ಪಾರು ಹೆಂಗಂತಾರ ಹಂಗ."

ಅಕ್ಷತಾ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾಮಾ, ನೀವು ವಕೀಲರು. ಎರಡು ತಿಂಗಳಿಂದ ಸ್ವದೇಶಿ, ಫಾರಿನ್ ಅಂತ ವಾದ ಮಾಡಾಕತ್ತೀರಿ. ಹಿಂಗ ಕೊಡೂ ಗಾಡಿಗೆ ಕಾನೂನಿನಾಗ ಏನಂತಾರ, ಅದನ್ನ ಒಮ್ಮೆ ಇವರಿಗೆ ಹೇಳ್ರಿ."

ಇಪ್ಪತ್ತೈದು ವರ್ಷದಿಂದ ಕೋರ್ಟಿನಲ್ಲಿ ಇಂಥವೇ ಕೇಸು ನಡೆಸಿದ್ದೇನೆ. ಹೆಣ್ಣುಮಕ್ಕಳ ಪರವಾಗಿ ನಿಂತು ಅದೇ ಶಬ್ದವನ್ನು ನ್ಯಾಯಾಧೀಶರ ಮುಂದೆ ಗಂಟಲು ಹರಿಯುವಂತೆ ಕೂಗಿದ್ದೇನೆ. ಆ ಶೋರೂಮಿನಲ್ಲಿ ಅದನ್ನು ಟೇಬಲ್ಲಿನ ಮೇಲಿದ್ದ ಫಾರ್ಮಿಗೆ ಹೇಳಿದೆ.

"ವರದಕ್ಷಿಣೆ," ಅಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

ಮಲ್ಲೇಶಪ್ಪನವರಿಗೆ ಕೇಳಿಸಿತು. "ಛೇ ಛೇ, ಎಂಥಾ ಮಾತಂತ ಆಡ್ತೀರಿ ವಕೀಲ್ರ! ನಾವು ಬಾಯಿ ಬಿಟ್ಟು ಕೇಳೇವೇನ್ರಿ?"

ಹೌದು, ಅವರು ಕೇಳಿರಲಿಲ್ಲ. ಗಾಡಿ ಕೊಡುತ್ತೇವೆ ಎಂದು ನಮ್ಮ ಕಡೆಯ ಯಾರೂ ಹೇಳಿರಲೂ ಇಲ್ಲ. ಅವತ್ತು ಉಪ್ಪಿಟ್ಟು ತಿಂದಾದ ಮೇಲೆ ಅವರು ಆಡಿದ್ದು ಎರಡು ಮಾತು. "ನೀವೊಂದು ಗಾಡಿ ಕೊಡ್ತೀರಿ" ಅನ್ನುವುದು ಒಂದು, "ಫಾರಿನ್ ಇದ್ರ ಚಲೋ" ಅನ್ನುವುದು ಇನ್ನೊಂದು. ನಾನು ಎರಡನೆಯದಕ್ಕೆ ಎದ್ದು ನಿಂತು ಹೋರಾಡಿದೆ. ಮೊದಲನೆಯದು ನನ್ನ ಮುಂದೆಯೇ ಆರಾಮಾಗಿ ನಡೆದು ಹೋಯಿತು. ಯಾವ ಬ್ರ್ಯಾಂಡ್ ಎಂದು ಕೇಳಿದ ಕೂಡಲೇ ಕೊಡುವ ತೀರ್ಮಾನ ಆಗಿಹೋಗಿತ್ತು. ಅದಕ್ಕೆ ಸಹಿ ಹಾಕಿದವನು ಹುಡುಗಿಯ ಸೋದರಮಾವ, ವೃತ್ತಿಯಿಂದ ವಕೀಲ!

ಫಾರ್ಮ್ ಟೇಬಲ್ಲಿನ ಮೇಲೆ ಖಾಲಿ ಉಳಿಯಿತು. ಅಕ್ಷತಾ ಸೇಲ್ಸಿನ ಹುಡುಗಿಗೆ "ಸಾರಿ ರೀ, ನಿಮಗ ತ್ರಾಸ ಆತು," ಎಂದು ಹೇಳಿ, ಅಪ್ಪ ಅಮ್ಮನನ್ನು ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ ನಾನೂ ಕೂತೆ. ಮೋಟೆಬೆನ್ನೂರು ಬರುವ ತನಕ ಅಕ್ಕ ಅಳುತ್ತಿದ್ದಳು. "ಸ್ವಲ್ಪ ತಡಕೋಬೇಕಿತ್ತವ್ವಾ. ಮನೀಗೆ ಬಂದು ಹೇಳಿದ್ರ ಆಗತಿರಲಿಲ್ಲೇನು?"

"ಮನ್ಯಾಗ ಯಾರು ಕೇಳಿದ್ರವ್ವಾ ನನ್ನ?"

ಭಾವ ಮುಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬ್ಯಾಡಗಿಗೆ ತಿರುಗುವ ರಸ್ತೆಯಲ್ಲಿ ಒಮ್ಮೆ ಮಾತ್ರ ಬಾಯಿ ಬಿಟ್ಟರು. "ನೀನು ಕೇಳಿದ್ದು ಬರೋಬ್ಬರಿ ಐತಿ." ಅಷ್ಟೇ. ಅಕ್ಷತಾ ಕಣ್ಣು ಒರೆಸಿಕೊಂಡದ್ದು ಆಗ.

ಮೂರು ದಿನದ ನಂತರ ರಾಣೆಬೆನ್ನೂರಿನಿಂದ ಮೆಸೇಜ್ ಬಂತು. ಜಾತಕ ಇನ್ನೊಮ್ಮೆ ತೋರಿಸಿದರಂತೆ, ಕೂಡಿಬರಲಿಲ್ಲವಂತೆ. (ಎರಡು ತಿಂಗಳು ಸುಮ್ಮನಿದ್ದ ಗ್ರಹಗಳಿಗೆ ಅದೇ ವಾರ ಎಚ್ಚರವಾಗಿತ್ತು.) ಕಿರಣ ಬೇರೆಯಾಗಿ ಅಕ್ಷತಾಳಿಗೆ ಒಂದೇ ಶಬ್ದದ ಮೆಸೇಜ್ ಕಳಿಸಿದ್ದ: ಸಾರಿ. ಅವಳು ಅದಕ್ಕೆ ಉತ್ತರ ಬರೆಯಲಿಲ್ಲ.

ಸಮಾಧಾನ ಹೇಳೋಣವೆಂದು ಗುರುವಾರ ಅವಳ ಲ್ಯಾಬಿಗೆ ಹೋದೆ. ಬಾಗಿಲಲ್ಲೇ ಘಾಟು ಹತ್ತಿ ಸೀನತೊಡಗಿದೆ. ಅವಳು ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆಣಸಿನಕಾಯಿ ಪುಡಿ ತೂಗುತ್ತಿದ್ದಳು. ಕುರ್ಚಿ ತೋರಿಸಿದಳು, ನೀರು ಕೊಟ್ಟಳು.

"ಅವರ ಮ್ಯಾಲ ಸಿಟ್ಟು ಮಾಡ್ಕೋಬ್ಯಾಡವ್ವಾ," ಎಂದು ನಾನು ಶುರು ಮಾಡಿದೆ. ಸಮಾಧಾನ ಹೇಳುವವರು ಹೀಗೇ ತಾನೇ ಶುರು ಮಾಡುವುದು?

"ಅವರ ಮ್ಯಾಲ ಸಿಟ್ಟಿಲ್ಲ ಮಾಮಾ. ಕೇಳೂ ಮಂದಿ ಕೇಳತಾರ." ಅವಳು ಮಾಸ್ಕ್ ಕೆಳಗೆ ಇಳಿಸಿದಳು. "ನಿಮ್ಮ ಮ್ಯಾಲ ಐತಿ. ನೀವು ಬ್ಯಾಡ ಅಂತೀರಿ ಅಂತ ಕಾಯಕೊಂತ ಕುಂತಿದ್ದೆ. ನೀವು ಮೈಲೇಜ್ ಹೇಳಾಕತ್ತಿದ್ರಿ."

ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯ ಘಾಟಿಗೆ ಅಂದುಕೊಳ್ಳಲಿ ಎಂದು ಒರೆಸಿಕೊಳ್ಳಲಿಲ್ಲ. ಕ್ಷಮೆ ಕೇಳಿದೆ. ಅವಳು "ಇರ್ಲಿ ಬಿಡ್ರಿ" ಅಂದಳು. ಆದರೆ ಬಾಗಿಲ ತನಕ ಬಂದು ಕಳಿಸಿಕೊಡಲಿಲ್ಲ. ಯಾವತ್ತೂ ಬರುತ್ತಿದ್ದಳು.

ನಿನ್ನೆ ವಕೀಲರ ಕೋಣೆಯಲ್ಲಿ ಇದೆಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಎರಡೂ ಪಂಗಡದವರು ತಲೆ ತಗ್ಗಿಸಿ ಕೇಳಿದರು. ಯಾರೂ ಚಹಾ ಮುಟ್ಟಲಿಲ್ಲ. ನಮ್ಮಲ್ಲೇ ಹಿರಿಯರೊಬ್ಬರು ದೀರ್ಘವಾಗಿ ಉಸಿರು ಬಿಟ್ಟು, "ಹುಡುಗಿ ಗಟ್ಟಿ ಐತಿ ನೋಡ್ರಿ," ಅಂದರು. ನನಗೆ ಸಮಾಧಾನವಾಯಿತು. ಅವರು ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು ಕೇಳಿದರು: "ಅದಿರ್ಲಿ, ಗಾಡಿ ಯಾವ ಕಂಪನಿದಿತ್ತು?"

ನಿಜ ಹೇಳಿ, ನಿಮಗೂ ಅದನ್ನೇ ಕೇಳಬೇಕು ಅನ್ನಿಸುತ್ತಿದೆಯಲ್ಲವೇ?