ಕೆಂಪು ಉಣ್ಣೆಪಟ್ಟಿ

ಇಲಿ ಸದ್ದು ಕೇಳಿ ಮೊನ್ನೆ ಪಿಯಾನೊದ ಕೆಳಹಲಗೆ ತೆಗೆಸಿದೆ. ಇಲಿ ಇರಲಿಲ್ಲ, ಒಂದು ಕೆಂಪು ಉಣ್ಣೆಪಟ್ಟಿ ಇತ್ತು. ಮೂಸಿದೆ. ಧೂಳು, ಅದರೊಳಗೆಲ್ಲೋ ಅತ್ತರು... ಯಶವಂತಪುರದಿಂದ ಬಂದು ಶ್ರುತಿ ಮಾಡುತ್ತಿದ್ದ ಭಾಯ್ ನೆನಪಾದರು. ಒಂದು ತಂತಿಯನ್ನು ಬಿಗಿಯುವಾಗ ಪಕ್ಕದ ತಂತಿಗಳು ದನಿ ಮಾಡದಂತೆ ಅವರು ಈ ಪಟ್ಟಿಯನ್ನು ನಡುವೆ ತುರುಕುತ್ತಿದ್ದರು.

ಆಗ ಮಗಳಿಗೆ ಹತ್ತು ವರ್ಷ. ಪಿಯಾನೊ ಪರೀಕ್ಷೆಗೆ ಐದು ದಿನ ಉಳಿದಿತ್ತು. ಪರೀಕ್ಷಕರು ಎರಡು ಸ್ವರ ನುಡಿಸಿದರೆ ಅವುಗಳ ಅಂತರ ಮೂರನೆಯದೋ ಐದನೆಯದೋ ಎಂದು ಕಿವಿಯಿಂದಲೇ ಹೇಳಬೇಕು. ಹಿಂದಿನ ಸಲ ಅವಳು ಅದರಲ್ಲೇ ಸೋತಿದ್ದಳು. ಎಣಿಸುವಾಗ ಮೊದಲ ಸ್ವರ ಬಿಟ್ಟುಬಿಡುತ್ತಿದ್ದಳು. ಅದನ್ನು ತಿದ್ದಿದವರು ಭಾಯ್. "ಬೀದೀಲಿ ಮನೆ ಎಣಿಸೋವಾಗ ನಿಮ್ಮನೇನ ಬಿಡ್ತೀಯಾ ಬೇಟಿ?"

ನಾನು ದಿನವೂ ಐದಕ್ಕೆದ್ದು ತಂಬೂರಿ ಹಿಡಿದು ಹಾಡುವವಳು. ಪಿಯಾನೊದ ಗಾಂಧಾರ ನನ್ನ ಕಿವಿಗೆ ಯಾವಾಗಲೂ ಕೂದಲೆಳೆಯಷ್ಟು ಮೇಲೆ. ಷಡ್ಜದ ಜೊತೆ ಒತ್ತಿದರೆ ನಡುಗುತ್ತಿತ್ತು. ಅಂದು ಶ್ರುತಿ ಮಾಡಲು ಬಂದ ಭಾಯ್‌ಗೆ ತಂಬೂರಿ ಮೀಟಿ ತೋರಿಸಿ, ಇದಕ್ಕೆ ಸರಿಯಾಗಿ ಇಳಿಸಿ ಎಂದೆ. ಭಾಯ್ ಬೇಡವೆಂದರು. ಶಾಲೆಯಲ್ಲಿ ತರಗತಿಗಳನ್ನು ಸುಮ್ಮನಾಗಿಸಿದ ಟೀಚರ್ ದನಿ ನನ್ನದು, ಇಳಿಸಿದರು. ನಡುಕ ನಿಂತಿತು.

ಮರುದಿನದಿಂದ ಮಗಳು ತಪ್ಪತೊಡಗಿದಳು. ಕೆಳಗಿನ ಧೈವತದಿಂದ ಎಣಿಸಿದರೆ ಅದೇ ಗಾಂಧಾರ ಐದನೆಯದು. ಆ ಜೋಡಿ ಈಗ ಹುಳಿ ಹಿಡಿದಂತೆ ಕೇಳುತ್ತಿತ್ತು. ಅದು ಐದನೆಯದೆಂದು ಅವಳಿಗೆ ಗೊತ್ತಾಗಲೇ ಇಲ್ಲ. ಪರೀಕ್ಷೆಗೇ ಹೋಗಲ್ಲ ಎಂದು ಅತ್ತಳು. ಭಾಯ್‌ಗೆ ಫೋನ್ ಮಾಡಲು ನನಗೆ ಮುಜುಗರ.

ಮೂರನೆಯ ಬೆಳಿಗ್ಗೆ ಅವರೇ ಚೀಲ ಹಿಡಿದು ಬಂದರು. ಕೂರಲಿಲ್ಲ. ಗಾಂಧಾರವನ್ನು ಮತ್ತೆ ಮೇಲೇರಿಸುತ್ತ ಹೇಳಿದರು:

"ನಿಮ್ ಕಿವಿ ತಪ್ಪಲ್ಲ ಮೇಡಂ. ಆದ್ರೆ ಇದು ವಠಾರ ಇದ್ದಂಗೆ. ಹನ್ನೆರಡು ಮನೆಗೆ ಒಂದೇ ನಲ್ಲಿ. ಒಬ್ರೇ ಬಿಂದಿಗೆ ತುಂಬಿಸ್ಕೊಂಡ್ರೆ ಮಿಕ್ಕವ್ರು ಏನ್ ಮಾಡ್ಬೇಕು? ಎಲ್ರೂ ಚೂರು ಹೊಂದ್ಕೊಂಡ್ ಹೋಗ್ಬೇಕು."

ಆಮೇಲೆ ಮಗಳನ್ನು ಕರೆದು ಧೈವತ, ಗಾಂಧಾರ ನುಡಿಸಿದರು. ಅವಳು ತಕ್ಷಣ ಐದನೆಯದು ಎಂದಳು. ಪರೀಕ್ಷೆಯಲ್ಲೂ ಹೇಳಿದಳು.

ತಪ್ಪು ನನ್ನದು ಎಂದು ನಾನು ಅವರಿಗೆ ಹೇಳಲಿಲ್ಲ. ಕಾಫಿ ಕೊಟ್ಟೆ, ಅಷ್ಟೆ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡಿದ್ದೆ... ಮುಂದಿನ ವರ್ಷ ಫೋನ್ ಎತ್ತಿದ್ದು ಅವರ ಸೊಸೆ. ಮಾವ ಹೋಗಿಬಿಟ್ಟರು ಎಂದಳು.

ಈಗ ಬರುವವರು ಫೋನಿನ ಪರದೆ ನೋಡಿ ಶ್ರುತಿ ಮಾಡುತ್ತಾರೆ. ತಪ್ಪಿಲ್ಲ.

ಪಟ್ಟಿಯನ್ನು ಒಗೆಯಲಿಲ್ಲ. ಕೊಡವಿ, ಮಡಿಸಿ, ಪಿಯಾನೊ ಸ್ಟೂಲಿನ ಮುಚ್ಚಳ ಎತ್ತಿ ಒಳಗೆ ಇಟ್ಟೆ. ಷಡ್ಜ, ಗಾಂಧಾರ ಒಟ್ಟಿಗೆ ಒತ್ತಿದೆ. ಆ ನಡುಕ ಹಾಗೇ ಇದೆ. ಪೂರ್ತಿ ಅಡಗುವವರೆಗೂ ಬೆರಳು ಎತ್ತಲಿಲ್ಲ.